ಹುಲ್ಲುಬೀಜದ ಲೆಕ್ಕದಲ್ಲಿ ಒಂದು ಕಾಲುದಾರಿ

ಸಿಂಧನೂರಿನಲ್ಲಿ ನಮ್ಮ ಎದುರು ಮನೆಯ ಸತ್ಯನಾರಾಯಣನಿಗೆ ಅಕ್ಕಿ ಗಿರಣಿ ಇದೆ, ಹೊಸದಾಗಿ ಕಟ್ಟಿಸಿದ ಮನೆ ಇದೆ, ಮನೆಯ ಮುಂದೆ ಒಂದಿಷ್ಟು ಖಾಲಿ ಜಾಗ ಇದೆ. ಆ ಖಾಲಿ ಜಾಗ ಅವನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ಹೋದ ವಾರ ರಸ್ತೆ ದಾಟಿ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದ. “ಸಾರ್, ನೀವು ಕಚೇರಿದಾಗ ಹಿಸಾಬ್ ಮಾಡಿದೋರು. ಇಷ್ಟಕ್ಕ ಹುಲ್ಲಿನ ಬೀಜ ಎಷ್ಟು ಬೇಕಾಗ್ತದ, ಹೇಳ್ರಿ ನೋಡೋಣ.” ಮಾದರಿಗೆಂದು ಗೋಡೆಯ ಬುಡಕ್ಕೆ ಒಂದು ಚಾಪೆಯಷ್ಟು ಹುಲ್ಲು ತಂದು ಹಾಕಿಸಿ, ಕತ್ತರಿಸಿ, ನೀರು ಬಿಟ್ಟಿದ್ದ. ಕತ್ತರಿಸಿದ ಹುಲ್ಲು, ತೊಯ್ದ ಎರೆಮಣ್ಣು, ಎರಡೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನನಗೆ ಸಿಟ್ಟು ಬಂತು. ಅವನಿಗೆ ಕಾರಣ ಹೇಳುವುದು ಹೇಗೆ? ಗೊತ್ತಿಲ್ಲಪ್ಪಾ ಎಂದು ಹೇಳಿ ಮನೆಗೆ ಬಂದುಬಿಟ್ಟೆ.

ಗೊತ್ತಿಲ್ಲದೆ ಏನು! ನನ್ನ ಇಡೀ ನೌಕರಿಯಲ್ಲಿ ಮತ್ತೆ ಮತ್ತೆ ಮಾಡಿದ ಲೆಕ್ಕ ಅದೊಂದೇ. ಮಾಡಿದಷ್ಟು ಸಲವೂ ಬೇರೆ ಬೇರೆ ಉತ್ತರ ಬಂದ ಲೆಕ್ಕವೂ ಅದೊಂದೇ.

ಒಂದು ವಾಸನೆ ತಾಗಿದರೆ ಹೋದ ಕಾಲ ಇಡಿಯಾಗಿ ಎದ್ದು ನಿಲ್ಲುತ್ತದೆ ಎಂದು ಬರೆಯುವವರಿದ್ದಾರೆ. ನನಗೆ ಹಾಗೇನೂ ಆಗಲಿಲ್ಲ. ಎದ್ದು ಬಂದದ್ದು ಚೂರುಪಾರು: ನೀರೆತ್ತುವ ಚರ್ಮದ ಚೀಲ, ಸೇರಿನ ಮೇಲೆ ಗೋಪುರ ಮಾಡುತ್ತಿದ್ದ ನಮ್ಮಪ್ಪನ ಕೈ, ಒಬ್ಬ ಹೆಂಗಸಿನ ಬೈಗುಳ. ನಡುವಿನದನ್ನು ಈಗ ಕೂತು ಜೋಡಿಸುತ್ತಿದ್ದೇನೆ. ಎಲ್ಲಿ ಜೋಡಣೆ ಬಹಳ ಚೊಕ್ಕಟವಾಗಿ ಕೂತಿತೋ ಅಲ್ಲಿ ನನ್ನನ್ನು ನಂಬಬೇಡಿ.

ಅದು ನಿಜಾಮರ ಕಾಲ. ದೊಡ್ಡ ಯುದ್ಧ ನಡೆಯುತ್ತಿತ್ತು. ನಾನು ಮಸ್ಕಿಯ ಕಾಳಿನ ಅಂಗಡಿಯವರ ಮಗ. ಉರ್ದು ಓದಿದ್ದಕ್ಕೆ ಲಿಂಗಸುಗೂರಿನ ತಹಸೀಲು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಲಿಂಗಸುಗೂರಿನಲ್ಲಿ ಹಿಂದೆ ಫೌಜು ಇತ್ತು. ನಾನು ಹೋಗುವ ಹೊತ್ತಿಗೆ ಫೌಜು ಹೋಗಿ ಎಷ್ಟೋ ಕಾಲವಾಗಿ, ಉಳಿದದ್ದು ಸಾಲು ಬೇವಿನ ಮರ, ಬಿದ್ದ ಗೋಡೆಗಳು, ಎತ್ತರದ ಛಾವಣಿಯ ಒಂದು ಬಂಗಲೆ. ಬಂಗಲೆಯ ಆವಾರದ ಮೂಲೆಯಲ್ಲಿ ಒಂದು ಬಾವಿ. ಸುತ್ತಲಿನ ಬಾವಿಗಳೆಲ್ಲ ಸವುಳು, ಇದು ಮಾತ್ರ ಸಿಹಿ. ಸಿಪಾಯಿಗಳು ತೋಡಿದ ಬಾವಿಯಾದ್ದರಿಂದ ಅದಕ್ಕೆ ಜಾತಿ ಇರಲಿಲ್ಲ. ಊರ ಬಾವಿಗಳನ್ನು ಯಾರಿಗೆ ಮುಟ್ಟಗೊಡುತ್ತಿರಲಿಲ್ಲವೋ ಆ ಕೇರಿಯವರು ಫೌಜು ಇದ್ದಾಗಿನಿಂದ ಇಲ್ಲಿಯೇ ನೀರು ಒಯ್ಯುತ್ತಿದ್ದರು. ಕೇರಿ ಆವಾರದ ಪಡುವಲಕ್ಕೆ, ಬಾವಿ ಆಗ್ನೇಯ ಮೂಲೆಗೆ. ಹೀಗಾಗಿ ಬಂಗಲೆಯ ಮುಂದಿನ ಬಯಲಿನ ಕೆಳಗಿನ ಅರ್ಧವನ್ನು ಓರೆಯಾಗಿ ಸೀಳಿಕೊಂಡು ಒಂದು ಕಾಲುದಾರಿ ಬಿದ್ದಿತ್ತು. ಬರಿಗಾಲು ತುಳಿದು ತುಳಿದು ನುಣುಪಾದ, ಹುಲ್ಲು ಸಹ ಹುಟ್ಟದ ದಾರಿ.

ಆ ವರ್ಷ ಮುಂಗಾರು ಎರಡು ಸಲ ಹನಿಸಿ ಹೊರಟುಹೋಗಿತ್ತು. ಸರ್ಕಾರ ರೈತರ ಹಗೇವುಗಳಿಂದ, ಎಂದರೆ ನೆಲದೊಳಗಿನ ಕಣಜಗಳಿಂದ, ಲೆವಿ ಎಂದು ಕಡ್ಡಾಯವಾಗಿ ಜೋಳ ಎತ್ತುತ್ತಿತ್ತು. ಕಚೇರಿಯಲ್ಲಿ ದಿನವಿಡೀ ಅದೇ ಗಲಾಟೆ. ಅಂಥದ್ದರಲ್ಲಿ ನಮ್ಮ ತಹಸೀಲ್ದಾರ ಸಾಹೇಬರು ಹೈದರಾಬಾದಿಗೆ ಹೋಗಿ ಬಂದರು. ಬರುವಾಗ ಒಂದು ಸಣ್ಣ ಇಂಗ್ಲಿಷು ಪುಸ್ತಿಕೆ ತಂದರು. ಒಂದು ಹುಚ್ಚನ್ನೂ ತಂದರು. ದಸರೆ ಮುಗಿದ ಮೇಲೆ ಹಲವು ಜಿಲ್ಲೆಗಳ ಮೇಲಿನ ಅಧಿಕಾರಿಯಾದ ಸುಬೇದಾರರು ಬಂಗಲೆಯಲ್ಲಿ ಇಳಿಯುವವರಿದ್ದರು. ಅಷ್ಟರಲ್ಲಿ ಬಂಗಲೆಯ ಮುಂದೆ ಹಸಿರು ಲಾನು ಏಳಬೇಕು.

“ರಖಬಾ ತೆಗೆ, ಬೀಜ ಎಷ್ಟು ಬೇಕು ಹೇಳು” ಎಂದರು ಸಾಹೇಬರು ನನಗೆ. ರಖಬಾ ಎಂದರೆ ಜಾಗದ ವಿಸ್ತೀರ್ಣ. ಅವರು ಮಾತಾಡುತ್ತಿದ್ದದ್ದು ಉರ್ದುವಿನಲ್ಲಿ. ಇಲ್ಲಿ ನಾನು ಬರೆಯುವ ಅವರ ಕನ್ನಡ ನನ್ನದು.

ಸರಪಳಿ ಹಿಡಿದು ಬಯಲಿಗಿಳಿದೆ. ಅಳೆಯುತ್ತಿರುವಾಗ ಕೇರಿಯ ಹನುಮವ್ವ ಖಾಲಿ ಕೊಡ ಹಿಡಿದು ಅದೇ ದಾರಿಯಲ್ಲಿ ಬಂದಳು. ಬೇಸಿಗೆಯಲ್ಲಿ ಹೊಲಗಳ ಕರಕಿ ಆರಿಸುವ ಹೆಂಗಸರ ಗುಂಪಿಗೆ ಅವಳು ಮುಂದಾಳು. ಕರಕಿ ಎಂದರೆ ಗರಿಕೆ. ಪೂಜೆಗೆ ಒಂದು ಹಿಡಿ ಬೇಕು ನಿಜ, ಆದರೆ ಎರೆಹೊಲದಲ್ಲಿ ಅದರಂಥ ವೈರಿ ಇಲ್ಲ. ಮೊಳಗಟ್ಟಲೆ ಆಳಕ್ಕೆ ಅಗೆದು, ಗೆಣ್ಣು ಗೆಣ್ಣು ಆರಿಸಿ, ಬದುವಿನ ಬಂಡೆಯ ಮೇಲೆ ಒಣಗಿಸಿ ಸುಡುತ್ತಾರೆ. ಆ ಕೆಲಸ ಮಾಡಿ ಮಾಡಿ ಹನುಮವ್ವನ ಬೆರಳುಗಳೂ ಬೇರಿನ ಹಾಗೆಯೇ ಆಗಿದ್ದವು. ಸರಪಳಿ ದಾಟುತ್ತ ನಿಂತಳು.

“ಏನ್ ಅಳ್ಯಾಕತ್ತೀರಿ, ಸಾವ್ಕಾರ್ರ?”

“ಇಲ್ಲಿ ಹುಲ್ಲು ಬಿತ್ತತಾರ.”

“ಏನು?”

“ಹುಲ್ಲು.”

ಅವಳು ನಗುವುದಕ್ಕಾಗಿ ಕೊಡ ಕೆಳಗಿಟ್ಟಳು. ಹಿಂದೆ ಬರುತ್ತಿದ್ದವರಿಗೆ ಕೂಗಿದಳು. “ಕೇಳ್ರಬೇ! ಸರ್ಕಾರದೋರು ಜ್ವಾಳ ಒಯ್ಯತಾರಂತ, ಹುಲ್ಲು ಬಿತ್ತತಾರಂತ!” ಆಮೇಲೆ ನನ್ನ ಕಡೆ ತಿರುಗಿ, “ಯಾರಿಗೆ ಮೇಸತೀರಿ ಅದನ್ನ?” ಎಂದಳು.

“ಮೇಸೂದಲ್ಲ. ನೋಡೂದು.”

“ನೋಡೂದಾ?” ಅವಳ ನಗು ಅಲ್ಲಿಗೆ ನಿಂತಿತು. ಸರಪಳಿ ಕಾಲುದಾರಿಯ ಮೇಲೆ ಅಡ್ಡ ಬಿದ್ದಿತ್ತು. ಅದನ್ನು ನೋಡಿದಳು, ಬಾವಿಯ ಕಡೆ ನೋಡಿದಳು. “ಮತ್ತ ಈ ದಾರಿ?”

ಇನ್ನೂ ಲೆಕ್ಕ ಹಾಕಿಲ್ಲ ಎಂದೆ.

“ಹಾಕ್ರಿ ಹಾಕ್ರಿ. ಭಾಳ ಶಾಣ್ಯಾ ಅದೀರಿ, ಲೆಕ್ಕದಪ್ಪ” ಎಂದು ಕೊಡ ಎತ್ತಿಕೊಂಡು ಹೋದಳು. ಅಂದಿನಿಂದ ಕೇರಿಯಲ್ಲಿ ನನಗೆ ಅದೇ ಹೆಸರು.

ಲೆಕ್ಕ ಹಾಕಲು ಕೂತೆ. ಗಾಡಿ ಬರುವ ಹಾದಿ, ಬೇವಿನ ಮರಗಳ ಕಟ್ಟೆ ಕಳೆದರೆ ಬಯಲು ಇಪ್ಪತ್ತು ಗುಂಟೆ, ಎಂದರೆ ಅರ್ಧ ಎಕರೆ. ಪುಸ್ತಿಕೆಯಲ್ಲಿ ಎಕರೆಗೆ ಮೂವತ್ತು ಪೌಂಡು ಎಂದಿತ್ತು. ಅರ್ಧ ಎಕರೆಗೆ ಹದಿನೈದು. ನಮ್ಮ ಸೇರಿನಲ್ಲಿ ಏಳು ಸೇರು ಚಿಲ್ಲರೆ. ಇಷ್ಟಕ್ಕೆ ಮುಗಿಯಬೇಕಾಗಿತ್ತು. ಆದರೆ ಸಾಹೇಬರ ಭಾವಮೈದುನ ಹೈದರಾಬಾದಿನಲ್ಲಿ ತೋಟ ಮಾಡಿಸಿದ್ದನಂತೆ. ಅವನು ಹೇಳಿಕಳಿಸಿದ್ದು ಗಜಕ್ಕೊಂದು ಮುಷ್ಟಿ. ಆ ಪ್ರಕಾರ ಮಾಡಿದರೆ ಬೀಜ ಎರಡು ಮಣ ದಾಟಿತು. ಯಾರ ಮುಷ್ಟಿ ಎಂದು ಕೇಳಿದೆ. ಸಾಹೇಬರು ತಮ್ಮ ಕೈ ಮುಂದೆ ಹಿಡಿದು ನೋಡಿಕೊಂಡರು. ಅದು ಬೆಳ್ಳಗಿನ ಸಣ್ಣ ಕೈ. ಆಮೇಲೆ ದಫೇದಾರನನ್ನು ಕರೆದು ಅವನ ಕೈ ಹಿಡಿಸಿ ನೋಡಿದರು. ಅದು ಗುದ್ದಲಿಯಂಥ ಕೈ. ಹಿರಿಯ ಗುಮಾಸ್ತರು ಎದ್ದು, ಎಕರೆಯನ್ನು ಬಿಟ್ಟು ಬಿಘಾದಲ್ಲಿ ಮಾಡು ಎಂದರು. ಎಷ್ಟು ಬಿಘಾಕ್ಕೆ ಒಂದು ಎಕರೆ ಎಂಬುದರ ಮೇಲೆ ಕಚೇರಿಯಲ್ಲಿ ಜಗಳವಾಯಿತು. ಲೆವಿಯ ಮಾತಿಗೆ ಬಂದ ರೈತರು ಬಾಗಿಲಲ್ಲಿ ಕೂತು ಬಾಯಿ ತೆರೆದು ನೋಡುತ್ತಿದ್ದರು. ಜೋಳವಾದರೆ ಒಂದು ಕೂರಿಗೆ ಹೊಲಕ್ಕೆ ಇಷ್ಟು ಬೀಜ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹುಲ್ಲನ್ನು ಯಾರು ಬಿತ್ತಿದ್ದಾರೆ?

ಕೊನೆಗೆ ಪುಸ್ತಿಕೆ ಗೆದ್ದಿತು. ನಾನು ಎರಡು ಲೆಕ್ಕ ತೆಗೆದುಕೊಂಡು ಹೋದೆ: ಕಾಲುದಾರಿ ಬಿಟ್ಟು ಒಂದು, ಕಾಲುದಾರಿ ಸೇರಿಸಿ ಒಂದು. ಎರಡಕ್ಕೂ ಇದ್ದ ವ್ಯತ್ಯಾಸ ಒಂದು ಪಾವಿಗಿಂತ ತುಸು ಹೆಚ್ಚು ಬೀಜ. ಸೇರಿನ ಕಾಲು ಭಾಗ, ಅಷ್ಟೇ.

“ದಾರಿಯೇ?” ಎಂದರು ಸಾಹೇಬರು. “ಲಾನಿನ ನಡುವೆ ಕೊಡಗಳ ಮೆರವಣಿಗೆ ಇಟ್ಟು ಸುಬೇದಾರರಿಗೆ ತೋರಿಸಲೇ? ಸೇರಿಸು. ಪಡುವಲ ಕಡೆ ಬೇಲಿ ಹಾಕಿಸು.”

“ಹುಜೂರ್, ಕೇರಿಯವರಿಗೆ ಬೇರೆ ಬಾವಿ ಇಲ್ಲ.”

“ಇಷ್ಟು ದೊಡ್ಡ ಊರಿನಲ್ಲಿ ಬಾವಿ ಇಲ್ಲವೇ?”

“ಇವೆ. ಅವರಿಗೆ ಮುಟ್ಟಗೊಡುವುದಿಲ್ಲ.”

“ಯಾರು ಮುಟ್ಟಗೊಡುವುದಿಲ್ಲ? ನಾನೇ?” ಎಂದು ನನ್ನ ಮುಖ ನೋಡಿದರು. “ಅದು ನಿಮ್ಮ ನಿಮ್ಮೊಳಗಿನ ಮಾತು. ಅದನ್ನು ನನ್ನ ಲಾನಿನ ಮೇಲೆ ಹಾಕಬೇಡ.”

ಮಸ್ಕಿಯಲ್ಲಿ ನಮ್ಮ ಹಿತ್ತಿಲಲ್ಲೂ ಒಂದು ಬಾವಿ ಇತ್ತು. ಅದರ ಹಗ್ಗವನ್ನು ಯಾರು ಯಾರು ಹಿಡಿಯಬಹುದು ಎಂಬುದು ನನಗೆ ಗೊತ್ತಿತ್ತು. ಇರುವೆ, ಗುಬ್ಬಿ ತಿನ್ನುವುದನ್ನೂ ಸೇರಿಸಿ ಎಂಟು ಸೇರು ಮಾಡು ಎಂದರು ಸಾಹೇಬರು. ಎಂಟು ಸೇರು ಎಂದು ಬರೆದೆ.

ಸರ್ಕಾರಿ ದಾರಿಯಲ್ಲಿ ಹೋದರೆ ಬೀಜ ಬರುವಷ್ಟರಲ್ಲಿ ಸುಬೇದಾರರು ಬಂದು ಹೋಗಿರುತ್ತಿದ್ದರು. ಆದ್ದರಿಂದ ನಮ್ಮಪ್ಪನ ಮೂಲಕ ತರಿಸುವುದೆಂದಾಯಿತು. ಅಪ್ಪನಿಗೆ ರಾಯಚೂರಿನ ದಲಾಲರ ಗುರುತಿತ್ತು. ಎಂಟು ಸೇರು ಹರಿಯಾಲಿ ಬೀಜ ಬೇಕೆಂದು ಹೇಳಿಕಳಿಸಿದೆ. ಅದೇ ಹೆಸರಿನಲ್ಲಿ ಅದು ಮಾರಾಟವಾಗುತ್ತಿತ್ತು. ಶ್ರಾವಣ ಹತ್ತಿರ ಬಂದಾಗ ಬೀಜ ಬಂದಿದೆ ಎಂದು ಸುದ್ದಿ ಬಂತು. ಸಂತೆಯ ದಿನ ಮಸ್ಕಿಗೆ ಹೋದೆ.

ಅಪ್ಪ ಗಾದಿಯ ಮೇಲಿಂದಲೇ ಒಂದು ಗಂಟು ನನ್ನ ಕಡೆ ಎಸೆದ. ಹಿಡಿದೆ. ಗಾಳಿ ತುಂಬಿದ ಹಾಗೆ ಇತ್ತು.

“ಅಪ್ಪಾ, ಇದು ಎಂಟು ಸೇರು ಅದನ?”

“ಎಂಟಲ್ಲದ ಮತ್ತೇನು? ಲಾಭದಿಂದ ಹಿಡದು ಎಂಟು ಅಳದೀನಿ. ಗೋಪುರ ಮಾಡಿ ಅಳದೀನಿ.” ನಮ್ಮ ಅಂಗಡಿಯಲ್ಲಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.

ಅಳೆದಿದ್ದಾನೆ! ಪೌಂಡಿನಿಂದ ಇಳಿಸಿ ತಂದ ತೂಕದ ಸೇರು ನನ್ನದು. ಅವನು ಹಿಡಿದದ್ದು ಕಾಳು ಅಳೆಯುವ ಹಿತ್ತಾಳೆಯ ಸೇರು. ಜೋಳವಾದರೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹೊಟ್ಟು ಬಿಡಿಸದ ಹುಲ್ಲುಬೀಜವನ್ನು ಅದರಲ್ಲಿ ತುಂಬಿದರೆ ತೂಕ ಮೂರನೇ ಒಂದು ಪಾಲೂ ಬರುವುದಿಲ್ಲ.

“ತೂಗಬೇಕಾಗಿತ್ತಲ್ಲ ಅಪ್ಪಾ.”

ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಅಪ್ಪ ಕಿವಿಯ ಮೇಲೆ ಕೆಟ್ಟದ್ದೇನೋ ಬಿದ್ದವನ ಹಾಗೆ ಮುಖ ಮಾಡಿದ.

“ಬೀಜ ತೂಗತಾರೇನಲೇ? ತೂಗೂದು ಬೆಲ್ಲ, ತೂಗೂದು ಹತ್ತಿ. ಸತ್ತ ಮಾಲು ತೂಗತಾರ. ಬೀಜ ತಕ್ಕಡ್ಯಾಗ ಕೂತ್ರ ಮೊಳಿತದೇನು? ಬಿತ್ತೋರು ಮತ್ತ ನನ್ನ ಅಂಗಡಿ ಮೆಟ್ಲ ಹತ್ತತಾರೇನು?”

“ದಲಾಲ ಎಷ್ಟು ಕಳಿಸಿದ್ದ?”

“ಚೀಲ ತುಂಬ ಕಳಿಸಿದ್ದ. ಎಂಟು ಅಳಕೊಂಡು, ಉಳದದ್ದು ಅದ ಬಂಡ್ಯಾಗ ತಿರುಗಿ ಕಳಿಸೀನಿ. ಹೇಳಿದ್ದಕಿಂತ ಹೆಚ್ಚು ಇಟ್ಕೊಂಡ್ರ ಏನಂದಾರು?”

ತಲೆ ಚಚ್ಚಿಕೊಳ್ಳಬೇಕೆನಿಸಿತು. ಬೇಕಾದ ಬೀಜ ನಮ್ಮ ಅಂಗಡಿಯ ಮೆಟ್ಟಿಲವರೆಗೆ ಬಂದು, ನಮ್ಮಪ್ಪನ ಪ್ರಾಮಾಣಿಕತೆಗೆ ಹೆದರಿ ರಾಯಚೂರಿಗೆ ವಾಪಸು ಹೋಗಿತ್ತು. ಅಪ್ಪ ಮಾತ್ರ ನನಗೆ ಉಪಕಾರ ಮಾಡಿದವನ ಹಾಗೆ ಮೀಸೆ ಒರೆಸಿಕೊಂಡು ಮುಂದಿನ ಗಿರಾಕಿಗೆ “ಲಾಭ” ಎಂದು ಶುರು ಮಾಡಿದ.

ಈ ಕೊರತೆಯಿಂದ ಕೇರಿಗೆ ಒಳ್ಳೆಯದಾಗಬಹುದು ಎಂದು ಆಗಲೇ ನನಗೆ ಹೊಳೆಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹೊಳೆಯಲಿಲ್ಲ. ಸಾಹೇಬರ ಮುಂದೆ ಈ ಗಂಟು ಬಿಚ್ಚುವುದು ಹೇಗೆ ಎಂಬ ಚಿಂತೆಯೊಂದೇ ಇತ್ತು. ಕಚೇರಿಯಲ್ಲಿ ತೂಗಿದಾಗ ಮೂರು ಸೇರೂ ತುಂಬಲಿಲ್ಲ. ಇಪ್ಪತ್ತು ಗುಂಟೆಗೆ ಬೇಕಾದದ್ದರಲ್ಲಿ ಏಳು ಗುಂಟೆಗೆ ಸಾಲುವಷ್ಟು. ಬಂಗಲೆಯ ಮೆಟ್ಟಿಲಿನಿಂದ ಏಳು ಗುಂಟೆ ಹಿಡಿದರೆ ಎಲ್ಲಿಗೆ ಮುಗಿಯುತ್ತದೆ ಎಂದು ನೋಡಲು ಬಯಲಿಗೆ ಹೋದೆ. ಹೆಜ್ಜೆ ಹಾಕಿದೆ. ಕಾಲುದಾರಿ ಇನ್ನೂ ಎಷ್ಟೋ ದೂರ ಇತ್ತು. ಆಗ ಹೊಳೆಯಿತು.

“ತೆಳ್ಳಗೆ ಬಿತ್ತಿಸು, ಪೂರಾ ಬಯಲಿಗೆ” ಎಂದರು ಸಾಹೇಬರು.

ತೆಳ್ಳಗೆ ಬಿತ್ತಿದರೆ ಎಲ್ಲೂ ಹಸಿರು ಕಾಣುವುದಿಲ್ಲ, ಹುಳುಕು ಹತ್ತಿದ ಕಂಬಳಿಯ ಹಾಗೆ ಕಾಣುತ್ತದೆ, ಸುಬೇದಾರರ ಕಣ್ಣು ಮೊದಲು ಬೀಳುವುದು ಮೆಟ್ಟಿಲ ಮುಂದೆ ಎಂದು ನಾನೂ ಪಟ್ಟು ಹಿಡಿದೆ. ಒಪ್ಪಿದರು. ಆದರೆ ಅರ್ಧಕ್ಕೆ ಒಪ್ಪಿದರು: ಮುಂದಿನ ಏಳು ಗುಂಟೆ ಈಗ, ಉಳಿದದ್ದಕ್ಕೆ ಮತ್ತೆ ಬೀಜ ತರಿಸುವುದು, ಬೇಲಿ ಕಂಬಗಳು ಬಂದು ಬೀಳಲಿ.

ಬೀಜ ಬಿತ್ತಿದೆವು. ಮಳೆ ಬರಲಿಲ್ಲ. ಬಂದಿತ್ತು ಎಂದು ಒಂದು ನೆನಪು ಹೇಳುತ್ತದೆ. ಬೇರೆ ಯಾವುದೋ ವರ್ಷದ ಮಳೆ ಇರಬೇಕು. ಆ ವರ್ಷದ್ದಾಗಿದ್ದರೆ ಬಾವಿಗೆ ಕಪಿಲೆ ಹೂಡುವ ಪ್ರಸಂಗವೇ ಬರುತ್ತಿರಲಿಲ್ಲ. ಬಾವಿಯ ಬಾಯಿಗೆ ಗಾಲಿ ಕೂರಿಸಿ, ಚರ್ಮದ ಚೀಲ ಇಳಿಬಿಟ್ಟು, ಎರಡು ಎತ್ತು ಕಟ್ಟಿ ನೀರೆತ್ತಲು ಶುರುವಾಯಿತು. ಬೆಳಕು ಹರಿದದ್ದೇ ಕಪಿಲೆಯ ಕಿರ್ರೋ ಸದ್ದು. ಕಾಲುವೆಯಲ್ಲಿ ಹರಿದು ಬಂದ ನೀರನ್ನು ಎರೆಮಣ್ಣಿನ ಬಿರುಕುಗಳು ನೆಕ್ಕಿಬಿಡುತ್ತಿದ್ದವು. ಮಧ್ಯಾಹ್ನ ಎತ್ತು ಬಿಚ್ಚುವ ಹೊತ್ತಿಗೆ ಬಾವಿಯಲ್ಲಿ ಉಳಿಯುತ್ತಿದ್ದದ್ದು ತಳದ ರಾಡಿ. ಹೆಂಗಸರು ಕೊಡಗಳನ್ನಿಟ್ಟುಕೊಂಡು ಬೇವಿನ ನೆರಳಲ್ಲಿ ಅಲ್ಲಿಯವರೆಗೆ ಕೂತಿರುತ್ತಿದ್ದರು.

“ಲೆಕ್ಕದಪ್ಪ, ಹುಲ್ಲು ಕುಡದು ಉಳದದ್ದು ನಮಗೇನ್ರಿ?” ಎಂದಳು ಹನುಮವ್ವ ಒಂದು ದಿನ. ನಗುವಿರಲಿಲ್ಲ. “ಏಳು ಗುಂಟಿಗೆ ಬಾವಿ ತಳ ಕಾಣಾಕತ್ತೈತಿ. ಇಪ್ಪತ್ತಕ್ಕ ಹಚ್ಚಿದ್ರ ಏನ್ ಕುಡಿಯೂನು?”

“ಇನ್ನಷ್ಟು ಬೀಜ ಬರೂತನ ಏನೂ ಆಗೂದಿಲ್ಲ.”

“ಬೀಜ ಬರತದ. ಬೇಲಿನೂ ಬರತದ. ಎಲ್ಲಾ ಬರತದ, ಮಳಿ ಒಂದು ಬಿಟ್ಟು. ನೀವರ ಏನ್ ಮಾಡತೀರಿ, ಬರಕೊಂಡು ಕೂಡ್ರಿ.”

ಬೀಜ ಮೊಳೆಯಿತು. ಸಾಹೇಬರು ಬೆಳಗಾದರೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು. ಹುಲ್ಲು ಕುಡಿ ಬಿಟ್ಟು ಗೆಣ್ಣು ಗೆಣ್ಣಿಗೆ ಬೇರೂರುತ್ತ ಹರಿಯತೊಡಗಿದಾಗ ನಮ್ಮ ಪಟವಾರಿ ನರಸಿಂಗರಾಯರು ಒಂದು ದಿನ ಸಲಾಮು ಮಾಡಲು ಬಂದರು. ಎಲ್ಲಿ ಯಾರನ್ನು ಮೆಚ್ಚಿಸಬೇಕೆಂದು ಹುಡುಕಿಕೊಂಡು ತಿರುಗುವ ಮನುಷ್ಯ. ಬಗ್ಗಿ ಒಂದು ಕುಡಿ ಕಿತ್ತು, ಬೆರಳಲ್ಲಿ ತಿರುವಿ, ಮುಖ ಅರಳಿಸಿದರು.

“ಸರ್ಕಾರ್, ಇದು ಕರಕಿ!”

“ಹರಿಯಾಲಿ” ಎಂದರು ಸಾಹೇಬರು.

“ಅದ ಸರ್ಕಾರ್, ಅದ. ಇದಕ್ಕ ಬೀಜ ಯಾಕ? ಹೊಲ ಹೊಲಕ್ಕ ಬಂಡಿಗಟ್ಟಲೆ ಅಗದು ಬದುವಿಗೆ ಒಗದಾರ. ಹತ್ತು ಬಂಡಿ ಬೇರು ಹೇರಿಸಿ ಹಚ್ಚಿಸಿಬಿಟ್ರ ಬಯಲು ತುಂಬ ಎದ್ದು ಕೂಡತದ. ಕೂಲಿ ಇಲ್ದ ವೆಟ್ಟಿ ಬಂಡಿ ನಾ ಬಂದೋಬಸ್ತ್ ಮಾಡತೀನಿ.”

ಎಕರೆ, ಪೌಂಡು, ಮುಷ್ಟಿ, ಎಂಟು ಸೇರು, ರಾಯಚೂರಿನ ದಲಾಲ, ಅಪ್ಪನ ಗೋಪುರ! ಎಲ್ಲಾ ಮಾಡಿದ ಮೇಲೆ ಉತ್ತರ ಸೊನ್ನೆ. ಈ ಬಯಲಿಗೆ ಎಷ್ಟು ಬೀಜ ಬೇಕು? ಒಂದು ಕಾಳೂ ಬೇಡ. ಅದಕ್ಕಿಂತ ಹೆಚ್ಚಾಗಿ, ಇದುವರೆಗೆ ಕಾಲುದಾರಿಯನ್ನು ಕಾಯುತ್ತಿದ್ದದ್ದು ಬೀಜದ ಕೊರತೆ ಒಂದೇ. ಅದೂ ಈಗ ಹೋಯಿತು.

ಸಾಹೇಬರು ನನ್ನ ಕಡೆ ನೋಡಿ ನಕ್ಕರು. “ಕೇಳಿದೆಯಾ? ನಿನ್ನ ಹಿಸಾಬು ಮಡಚಿಡು. ಬೇಲಿಯ ಕೆಲಸ ಸೋಮವಾರ ಹಿಡಿಸು.”

ಇದಾದ ಮೇಲಿನದನ್ನು ನಾನು ಮೂರು ರೀತಿಯಲ್ಲಿ ಕೇಳಿದ್ದೇನೆ, ಯಾವುದಕ್ಕೂ ಜಾಮೀನು ನಿಲ್ಲಲಾರೆ. ಬಂಡಿಯ ಸುದ್ದಿ ನಾನೇ ಬಾವಿಯ ಬಳಿ ಹನುಮವ್ವನಿಗೆ ಹೇಳಿದ್ದು ನಿಜ. ಅವಳು ಹೋಗಿ ಲಾನಿನ ಅಂಚಿನಿಂದ ಒಂದು ಹಿಡಿ ಕಿತ್ತು ಸೆರಗಿಗೆ ಕಟ್ಟಿಕೊಂಡದ್ದನ್ನೂ ನೋಡಿದೆ. ಮರುದಿನ ಅವಳ ಗುಂಪು ಅಮರೇಗೌಡರ ಹೊಲದಲ್ಲಿ ಕೂಲಿಗೆ ಹೋಗಿತ್ತು. ಅಮರೇಗೌಡರ ಹೊಲ ಬಂಗಲೆಯ ಮೂಡಲ ಗೋಡೆಗೆ ಹತ್ತಿಯೇ ಇತ್ತು. ಊರಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯುವವರು ಅವರು. ಅವರ ತೋಟದ ಬಾವಿಯ ಮೆಟ್ಟಿಲ ಮೇಲೆ ಹನುಮವ್ವ ಎಂದೂ ಕಾಲಿಟ್ಟವಳಲ್ಲ. ಒಬ್ಬರು ಹೇಳುವಂತೆ, ಊಟಕ್ಕೆ ಕೂತಾಗ ಅವಳು ಸೆರಗು ಬಿಚ್ಚಿ ಆ ಹಿಡಿಯನ್ನು ಗೌಡರ ಕಾರಭಾರಿಯ ಮುಂದೆ ಚೆಲ್ಲಿ ಹೇಳಿದ ಮಾತು ಇದು:

“ನೋಡ್ರಿ ಯಪ್ಪಾ, ಸರ್ಕಾರದ ಬೆಳಿ! ನಾಳಿಗೆ ಹತ್ತು ಬಂಡಿ ಬರತಾವಂತ, ನಿಮ್ಮ ಬದುವಿನ ಗುಂಟನ. ನಮಗ ಒಳ್ಳೇದಾತು ಬಿಡ್ರಿ. ಸಾಯೂತನ ಕರಕಿ ಆರಸೂ ಕೂಲಿ ತಪ್ಪಂಗಿಲ್ಲ!”

ಇನ್ನೊಬ್ಬರು ಹೇಳುವಂತೆ ಅವಳು ಏನನ್ನೂ ಹೇಳಲಿಲ್ಲ, ಸೆರಗಿನ ಗಂಟು ತಾನಾಗಿಯೇ ಬಿಚ್ಚಿತು. ಮೂರನೆಯದರಲ್ಲಿ ಹನುಮವ್ವ ಇಲ್ಲವೇ ಇಲ್ಲ, ಬಂಡಿ ಕೊಡಬೇಕಾದ ರೈತರೇ ಹೋಗಿ ಚಾಡಿ ಹೇಳಿದರು. ನಾನು ಅವಳನ್ನೇ ಕೇಳಿದಾಗ, “ಏನೋಪಾ, ಮಾತು ಬಂತು, ಮಾತಾಡಿದೆ” ಎಂದಳು. ನನಗೆ ಮೊದಲನೆಯದು ಹಿಡಿಸುತ್ತದೆ. ಹಿಡಿಸುತ್ತದೆ ಎಂಬುದೇ ನನ್ನ ಅನುಮಾನ.

ಅಮರೇಗೌಡರು ಬಂದದ್ದಕ್ಕೆ ಮಾತ್ರ ನಾನೇ ಸಾಕ್ಷಿ. ಭಾನುವಾರ ಬೆಳಿಗ್ಗೆ, ಸಾಹೇಬರು ಕುರ್ಚಿಯಲ್ಲಿ ಕೂತಿದ್ದಾಗ, ಕಾಲಲ್ಲಿ ಹೊಲದ ಮಣ್ಣು ಹಾಗೆಯೇ ಇದ್ದಂತೆ ನೇರ ಲಾನಿನ ಮೇಲೆ ನಡೆದು ಬಂದರು. ಕೈಯಲ್ಲಿ ಒಂದು ಹಿಡಿ ಕರಕಿ ಇತ್ತು.

“ಸಾಹೇಬರ, ಇದನ್ನ ಹಚ್ಚತೀರಂತ?”

“ಕುಳಿತುಕೊಳ್ಳಿ ಗೌಡರೇ. ನೋಡಲು ಚೆಂದ ಇರುತ್ತದೆ.”

“ಚೆಂದ! ನನ್ನ ಹೊಲದಾಗಿನ ಕರಕಿ ತಗಸೂದ್ರಾಗ ನಮ್ಮಪ್ಪ ಮುಗದ, ನಾ ಮುದುಕ ಆದೆ. ನೀವು ಗ್ವಾಡಿ ಆಚೆ ಹತ್ತು ಬಂಡಿ ತಂದು ನೆಡತೀರಿ?”

“ಗೋಡೆ ಇದೆಯಲ್ಲ.”

“ಕರಕಿಗೆ ಗ್ವಾಡಿ ಏನು ಲೆಕ್ಕ? ಬುಡಕ್ಕ ಹಾದು ಬರತದ. ಮತ್ತ ಬಂಡಿ ಹ್ವಾದ ದಾರಿ ತುಂಬ ಗೆಣ್ಣು ಉದುರತದ, ಉದುರಿದಲ್ಲೆಲ್ಲ ಹುಟ್ಟತದ. ಅಗದ ಕರಕಿ ಊರಾಗ ಹೇರೂದಿಲ್ಲ ಸಾಹೇಬರ, ಅಲ್ಲೇ ಸುಡತೀವಿ. ಹಗಿ ಇದ್ದವನ ಹೊಲಕ್ಕ ಸೈತ ಯಾರೂ ಒಗಿಯೂದಿಲ್ಲ ಇದನ್ನ.”

“ಸುಬೇದಾರರು ಬರುವವರಿದ್ದಾರೆ…”

“ಬರಲಿ, ಬಂದು ಹೋಗತಾರ. ಕರಕಿ ಹೋಗತದೇನು?” ಗೌಡರು ದನಿ ಇಳಿಸಿದರು. ಇಳಿಸಿದ ದನಿಯೇ ಹೆಚ್ಚು ಕೇಳಿಸಿತು. “ಮುಂದಿನ ತಿಂಗಳ ಲೆವಿಗೆ ನನ್ನ ಹಗೇವು ತಗಿಯಾಕ ಬರತೀರಲ್ಲ, ಯಾವ ಹೊಲದ ಜ್ವಾಳ ಅದು?”

ಸಾಹೇಬರು ಕುರ್ಚಿಯಿಂದ ಎದ್ದರು. ಒಮ್ಮೆ ಗೋಡೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಇದೇ ಸಮಯವೆಂದು ನಾನು ಬಾಯಿ ಹಾಕಿದೆ: “ಹುಜೂರ್, ಬಾವಿಯದೂ ಒಂದು ಮಾತಿದೆ.”

“ಯಾವ ಬಾವಿ?” ಎಂದರು ಸಾಹೇಬರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ.

“ಈಗ ಬಾವಿ ಮಾತು ಯಾಕ?” ಎಂದರು ಗೌಡರು ನನ್ನ ಕಡೆ ಸಿಡುಕಿ. “ಕರಕಿ ಮಾತು ಮುಗೀಲಿ ಮೊದಲ.”

ಕರಕಿಯ ಮಾತು ಮುಗಿಯಿತು. ಬಂಡಿಗಳು ಬರಕೂಡದು. ಹೊಸ ಬೀಜ ಬೇಡ. ಹುಲ್ಲು ಏಳು ಗುಂಟೆ ದಾಟಿ ಹರಿಯದಂತೆ ಸುತ್ತ ಕಾಲುವೆ ತೋಡಿ ಕಲ್ಲು ಕಟ್ಟಿಸುವುದು. ಬೇಲಿಯ ಕಂಬಗಳನ್ನು ಬೀಡಾಡಿ ದನ ಕೂಡುವ ಕೊಂಡವಾಡಕ್ಕೆ ಸಾಗಿಸುವುದು. ನೀರಿಗೆ ಕಪಿಲೆ ಬೇಡ, ಬೇಕಾದಷ್ಟನ್ನು ಜವಾನರು ಬಕೀಟಿನಲ್ಲಿ ಹಾಕಲಿ, ಬೇರು ಆಳಕ್ಕಿಳಿಯುವುದು ಬೇಡ. ಇದು ಗೌಡರ ಕೊನೆಯ ಷರತ್ತು. ಸಾಹೇಬರು ಎಲ್ಲಕ್ಕೂ ತಲೆಯಾಡಿಸಿದರು. ಒಂದು ಕೇರಿಯ ನೀರಡಿಕೆಗೆ ಅಲುಗದಿದ್ದ ಕುರ್ಚಿ ಒಂದು ಹಿಡಿ ಕಳೆಗೆ ಅಲುಗಿತ್ತು. ಆ ಇಡೀ ಮಾತುಕತೆಯಲ್ಲಿ ಕೊಡ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಗೆದ್ದದ್ದು ಯಾರ ನ್ಯಾಯ ಎಂದು ಕೇಳಿದರೆ ನನಗೆ ಇವತ್ತಿಗೂ ರೇಗುತ್ತದೆ.

ಸುಬೇದಾರರ ಸುದ್ದಿಯನ್ನು ಇಲ್ಲಿಯೇ ಮುಗಿಸುತ್ತೇನೆ, ಅದಕ್ಕೆ ಇದಕ್ಕಿಂತ ಹೆಚ್ಚು ಜಾಗ ಬೇಕಿಲ್ಲ. ದಸರೆ ಆದ ಮೇಲೆ ಬಂದರು. ಕತ್ತಲಾಗಿತ್ತು. ಮೋಟಾರಿನಿಂದ ಇಳಿದು ನೇರ ಒಳಗೆ ಹೋದರು. ಬೆಳಿಗ್ಗೆ ನೇರ ಮೋಟಾರಿಗೆ ಬಂದರು. ಹುಲ್ಲು ನೋಡಿದರೋ ಇಲ್ಲವೋ, ಕೇಳುವ ಧೈರ್ಯ ಯಾರಿಗಿತ್ತು.

ಆದರೆ ನಾನು ಹೇಳಬೇಕೆಂದಿದ್ದದ್ದು ಕಪಿಲೆ ಬಿಚ್ಚಿದ ದಿನದ್ದು. ಗೌಡರು ಬಂದು ಹೋದ ಮರುದಿನ. ಜವಾನರು ಗಾಲಿ ಕಳಚಿ, ಹಗ್ಗ ಸುತ್ತಿ, ಚರ್ಮದ ಚೀಲವನ್ನು ಗೋಡೆಗೆ ಒಣಹಾಕಿ ಹೋಗಿದ್ದರು. ಹನುಮವ್ವ ಮತ್ತು ಉಳಿದ ಹೆಂಗಸರು ಬಾವಿಯ ದಂಡೆಯಲ್ಲಿದ್ದರು. ಸುದ್ದಿ ನಾನೇ ಹೇಳಬೇಕೆಂದು ಅವಸರದಿಂದ, ಅದೂ ಆ ಕಾಲುದಾರಿಯ ಮೇಲೆಯೇ ನಡೆದು ಹೋದೆ. ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.

ಹನುಮವ್ವ ಹಗ್ಗ ಇಳಿಬಿಟ್ಟು ಕೊಡ ಎಳೆದಳು. ರಾಡಿ. ಚೆಲ್ಲಿದಳು. ಮತ್ತೆ ಎಳೆದಳು, ಮತ್ತೆ ಚೆಲ್ಲಿದಳು. ಆಮೇಲೆ ಹಗ್ಗ ಬಿಟ್ಟು, ದಂಡೆಯ ಕಲ್ಲಿಗೆ ಎದೆಯಾನಿಸಿ ಬಗ್ಗಿ, ಒರತೆ ಏರುವುದನ್ನು ಕಾಯುತ್ತ ನಿಂತಳು. ನಾನೂ ಎದುರು ದಂಡೆಗೆ ಹೋಗಿ ಬಗ್ಗಿ ನೋಡಿದೆ. ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಏನು ಹೇಳಲಿ ಎಂದು ಕಾದೆನೋ ನನಗೇ ಗೊತ್ತಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ತಲೆಯೆತ್ತದೆಯೇ ಅಂದಳು:

“ಆ ಕಡೆ ಸರೀರಿ. ನಿಮ್ಮ ನೆಳ್ಳು ನೀರಿನ ಮ್ಯಾಲೆ ಬಿದ್ದೈತಿ. ತಿಳಿ ಆಗೈತೋ ಇಲ್ಲೋ ಕಾಣವಲ್ದು.”

ಸರಿದೆ.